ಒಂದು ನಿವೇಶನ, ಎರಡು ಹೆಸರು

ಗಂಡ ಹೆಂಡತಿ ಸೇರಿ ಮೂವತ್ತು–ನಲವತ್ತರ ನಿವೇಶನ ಕೊಂಡು ಮನೆ ಕಟ್ಟಿದ್ದಾರೆ ಎನ್ನಿ. ಇಬ್ಬರದೂ ಅರ್ಧರ್ಧ ಪಾಲು. ಉಯಿಲು ಬರೆಯದೆ ಗಂಡ ತೀರಿಕೊಂಡರೆ ಆಸ್ತಿ ಯಾರದು?

‘ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇದೆಯಲ್ಲ, ಉಳಿದವರದೇ’ ಎಂದು ಹಲವರು ನಂಬಿದ್ದಾರೆ. ಲೆಕ್ಕ ಹಾಗಿಲ್ಲ. 1,200 ಚದರ ಅಡಿಯಲ್ಲಿ 600 ಮೊದಲಿಂದಲೂ ಹೆಂಡತಿಯದು. ಗಂಡನ 600 ಅವನ ವಾರಸುದಾರರಿಗೆ ಸೇರುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು. ಇಬ್ಬರು ಮಕ್ಕಳಿದ್ದು ತಾಯಿಯೂ ಇದ್ದರೆ ತಲಾ 150 ಅಡಿ. ಹೆಂಡತಿಗೆ ಒಟ್ಟು 750. ಇಡೀ ಮನೆ ಮಾರಬೇಕೆಂದರೆ ಅತ್ತೆಯ ಸಹಿ ಬೇಕು. ಮಕ್ಕಳು ಅಪ್ರಾಪ್ತರಾದರೆ ನ್ಯಾಯಾಲಯದ ಅನುಮತಿಯೂ ಬೇಕು.

ಒಬ್ಬರದೇ ಆಸ್ತಿ

ಸ್ವಂತ ದುಡಿಮೆಯಿಂದ ಕೊಂಡದ್ದು ಸ್ವಯಾರ್ಜಿತ. ಮಾರಲು, ದಾನಪತ್ರ ಬರೆಯಲು ಮಾಲೀಕರು ಯಾರನ್ನೂ ಕೇಳಬೇಕಿಲ್ಲ. ಅಪ್ಪ ಬದುಕಿರುವಾಗ ಅವನ ಸ್ವಯಾರ್ಜಿತದಲ್ಲಿ ಮಕ್ಕಳಿಗೆ ಪಾಲಿಲ್ಲ.

ಜಂಟಿ ಆಸ್ತಿ

ಕ್ರಯಪತ್ರದಲ್ಲಿ ಪಾಲು ಬರೆಸದಿದ್ದರೆ ಏನು? 1882ರ ಆಸ್ತಿ ವರ್ಗಾವಣೆ ಕಾಯ್ದೆ ಯಾರು ಎಷ್ಟು ಹಣ ಹಾಕಿದರು ಎಂದು ನೋಡುತ್ತದೆ. ಅದಕ್ಕೆ ಪುರಾವೆ ಇಲ್ಲದಿದ್ದರೆ ಸಮಪಾಲು ಎಂದುಕೊಳ್ಳುತ್ತದೆ. ತಮ್ಮ ಪಾಲನ್ನು ಯಾರು ಬೇಕಾದರೂ ಮಾರಬಹುದು. ಆದರೆ ಅವಿಭಕ್ತ ಕುಟುಂಬ ವಾಸವಿರುವ ಮನೆಯ ಪಾಲು ಕೊಂಡ ಹೊರಗಿನವರು ಮರುದಿನವೇ ಬಂದು ನಡುಮನೆಯಲ್ಲಿ ಚಾಪೆ ಹಾಸುವಂತಿಲ್ಲ. ವಿಭಾಗ ಕೋರಿ ದಾವೆ ಹೂಡಬಹುದು.

ಹುಟ್ಟಿನಿಂದ ಬರುವ ಪಾಲು

ಅವಿಭಕ್ತ ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಹಕ್ಕು ಹುಟ್ಟಿನೊಂದಿಗೇ ಬರುತ್ತದೆ. ಬಹುಕಾಲ ಇದು ಗಂಡುಮಕ್ಕಳದೇ ಆಗಿತ್ತು. ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳನ್ನೂ ಸೇರಿಸಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರು ಹೊರಗುಳಿದರು. 2005ರ ಕೇಂದ್ರ ತಿದ್ದುಪಡಿ ಆ ಭೇದ ಅಳಿಸಿತು. ತಿದ್ದುಪಡಿಯ ದಿನ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ‘ಅರಿಸಿನ–ಕುಂಕುಮಕ್ಕೆ ಕೊಟ್ಟಾಯಿತು’ ಎಂಬ ಮಾತಿನಿಂದ ತಂಗಿಯ ಪಾಲು ಕರಗುವುದಿಲ್ಲ. ಆಕೆಗೆ ಬೇಡವಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರವನ್ನು ತಾನೇ ಬರೆದುಕೊಡಬೇಕು.

ಅಪಾರ್ಟ್‌ಮೆಂಟಿನ ಮನೆ

ಇಲ್ಲಿ ಒಬ್ಬರದೇ ಒಡೆತನ, ಜಂಟಿ ಒಡೆತನ ಎರಡೂ ಬೆರೆತಿವೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಬಾಗಿಲೊಳಗಿನ ಮನೆ ನಿಮ್ಮೊಬ್ಬರದು. ನೆಲ, ಮೆಟ್ಟಿಲು, ತಾರಸಿಯಲ್ಲಿ ನಿಮ್ಮದು ಅವಿಭಾಜ್ಯ ಪಾಲು. ಆ ಪಾಲನ್ನು ಮನೆಯಿಂದ ಬಿಡಿಸಿ ಮಾರಲಾಗದು.

ಇನ್ನೊಂದು ಮಾತು. ಖಾತೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಬರುವುದಿಲ್ಲ. ಅದು ಕಂದಾಯ ಕಟ್ಟಬೇಕಾದವರ ಲೆಕ್ಕ. ಒಡೆತನ ತೋರಿಸುವುದು ಕ್ರಯಪತ್ರ, ವಿಭಾಗ ಪತ್ರ, ದಾನಪತ್ರಗಳು. ಕೊಳ್ಳುವ ದಿನವೇ ಅವುಗಳಲ್ಲಿ ಪಾಲು ಬರೆಸುವುದು ಒಳ್ಳೆಯದು. ಆಮೇಲಿನದಕ್ಕೆ ಉಯಿಲು. ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಆ ಗಂಡ ಅಂಥದೊಂದು ಹಾಳೆ ಬರೆದಿಟ್ಟಿದ್ದರೆ, ಅವನ 600 ಅಡಿ ಯಾರಿಗೆಂದು ಕಾಯ್ದೆಯನ್ನು ಕೇಳಬೇಕಿರಲಿಲ್ಲ.