ಬಿರುಗಾಳಿಯ ಪಂದ್ಯ ಗೆದ್ದ ಮುಂಬಯಿ ದೋಣಿ

ಮುಂಬಯಿ: ಕರಾವಳಿಯಿಂದ ಹಡಗಿನಲ್ಲಿ ಬಂದಿಳಿದು ಈ ಮಹಾನಗರದಲ್ಲಿ ಬದುಕು ಕಟ್ಟಿಕೊಂಡ ತುಳು-ಕನ್ನಡಿಗ ಹಿರಿಯರು ಹಲವರು. ಕಡಲಿನ ನಂಟುಳ್ಳ ಅವರ ಮಕ್ಕಳು ಮೊಮ್ಮಕ್ಕಳಲ್ಲಿಯೂ ಹೆಚ್ಚಿನವರಿಗೆ ತಿಳಿಯದ ಸಂಗತಿಯೊಂದಿದೆ. ಒಬ್ಬನೇ ನಾವಿಕನೊಡನೆ, ಎಲ್ಲಿಯೂ ನಿಲ್ಲದೆ, ಜಗತ್ತನ್ನು ಮೊಟ್ಟಮೊದಲು ಸುತ್ತಿ ಬಂದ ಹಾಯಿದೋಣಿ ತಯಾರಾದುದು ಇದೇ ಮುಂಬಯಿಯಲ್ಲಿ.

ದೋಣಿಯ ಹೆಸರು 'ಸುಹೈಲಿ'. ಉದ್ದ ಸುಮಾರು 32 ಅಡಿ. ಇಲ್ಲಿನ ಬಡಗಿಗಳು ಬಾಚಿ ಹಿಡಿದು ಸಾಗುವಾನಿ ಮರದಿಂದ ಕಟ್ಟಿದ ದೋಣಿಯಿದು, 1964ರಲ್ಲಿ ನೀರಿಗಿಳಿಯಿತು. ಬ್ರಿಟಿಷ್ ವಾಣಿಜ್ಯ ಹಡಗಿನ ಅಧಿಕಾರಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಇದರ ಒಡೆಯರು. 1968ರ ಜೂನ್ 14ರಂದು ಅವರು ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ 'ಗೋಲ್ಡನ್ ಗ್ಲೋಬ್' ಪಂದ್ಯಕ್ಕೆ ಹೊರಟರು. ಸ್ಪರ್ಧಿಗಳು ಒಟ್ಟು ಒಂಬತ್ತು ಮಂದಿ.

ಗಾಳಿ ಹೆಚ್ಚಿದಷ್ಟೂ ದೋಣಿ ಓಡುತ್ತದೆ, ಗೆಲುವು ಸುಲಭ ಎಂದು ದಡದಲ್ಲಿರುವವರಿಗೆ ಅನಿಸುವುದು ಸಹಜ. ಆದರೆ ಗಾಳಿಯ ವೇಗ ಇಮ್ಮಡಿಯಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆಗ ಹಾಯಿಯನ್ನು ಮಡಚಿ ಕಿರಿದು ಮಾಡಬೇಕು, ಇಲ್ಲವೇ ಪೂರ್ತಿ ಇಳಿಸಬೇಕು. ದಕ್ಷಿಣ ಗೋಳಾರ್ಧದ 40ನೇ ಅಕ್ಷಾಂಶದ ಕೆಳಗೆ ಗಾಳಿಗೆ ಅಡ್ಡವಾಗಿ ನೆಲವೇ ಹೆಚ್ಚಿಲ್ಲ. ಅಲ್ಲಿ ದೋಣಿ ಅಲೆಯ ಬೆನ್ನೇರಿ ಜಾರತೊಡಗಿದರೆ ಮಗುಚುವ ಅಪಾಯ. ನಾಕ್ಸ್-ಜಾನ್‌ಸ್ಟನ್ ಹಿಂಬದಿಯಿಂದ ಉದ್ದನೆಯ ಹಗ್ಗಗಳನ್ನು ಸಮುದ್ರಕ್ಕೆ ಇಳಿಬಿಟ್ಟು ದೋಣಿಯನ್ನು ಬೇಕೆಂದೇ ನಿಧಾನಗೊಳಿಸಿದರು. ಪಂದ್ಯದಲ್ಲಿದ್ದೂ ವೇಗ ಕಡಿಮೆ ಮಾಡುವುದೆಂದರೆ ಸಣ್ಣ ಎದೆಗಾರಿಕೆಯಲ್ಲ! ಆದರೂ ಸೆಪ್ಟೆಂಬರ್‌ನಲ್ಲಿ ಒಂದು ಅಲೆ 'ಸುಹೈಲಿ'ಯನ್ನು ಮಗ್ಗುಲಿಗೆ ಕೆಡವಿತು. ಕ್ಯಾಬಿನ್ ಜರುಗಿತು, ಕುಡಿಯುವ ನೀರು ಕೆಟ್ಟಿತು. ಮಳೆನೀರು ಹಿಡಿದು ಮುಂದುವರಿದರು. ಮುಂದೆ ರೇಡಿಯೋ ಕೂಡ ಕೈಕೊಟ್ಟಿತು.

312 ದಿನಗಳ ಬಳಿಕ, 1969ರ ಏಪ್ರಿಲ್ 22ರಂದು, ಫಾಲ್ಮತ್‌ಗೆ ಮರಳಿದ್ದು ಅದೊಂದೇ ದೋಣಿ. 5,000 ಪೌಂಡ್ ನಗದು ಬಹುಮಾನವನ್ನು ಅವರು ಪಂದ್ಯದಲ್ಲಿ ಜೀವ ಕಳೆದುಕೊಂಡ ಡೊನಾಲ್ಡ್ ಕ್ರೌಹರ್ಸ್ಟ್ ಅವರ ಕುಟುಂಬಕ್ಕೆ ಕೊಟ್ಟುಬಿಟ್ಟರು.

ಅದೇ ಪಂದ್ಯ 2018ರಲ್ಲಿ ಮತ್ತೆ ನಡೆದಾಗ ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಸ್ಪರ್ಧಿಸಿದ್ದು 'ಸುಹೈಲಿ'ಯ ಮಾದರಿಯಲ್ಲೇ ಗೋವೆಯಲ್ಲಿ ಕಟ್ಟಿದ 'ತುರಿಯಾ'ದಲ್ಲಿ. 2012-13ರಲ್ಲಿ ಮುಂಬಯಿಯಿಂದಲೇ ಹೊರಟು, ಒಬ್ಬರೇ ಜಗತ್ತು ಸುತ್ತಿ ಮುಂಬಯಿಗೇ ಮರಳಿದ್ದ ಅನುಭವಿ ಅವರು. ಆದರೆ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ದೋಣಿ ಉರುಳಿತು. ಹಾಯಿಕಂಬಗಳು ಮುರಿದವು, ಅವರ ಬೆನ್ನುಮೂಳೆಗೆ ತೀವ್ರ ಪೆಟ್ಟಾಯಿತು. ನಡೆಯಲಾರದೆ ಮಲಗಿದ್ದ ಅವರನ್ನು ಮೂರು ದಿನಗಳ ನಂತರ ಫ್ರೆಂಚ್ ಹಡಗು 'ಒಸಿರಿಸ್' ರಕ್ಷಿಸಿತು. ಮಾದರಿ ಒಂದೇ ಆದರೂ ಕಡಲು ಒಂದೇ ತೆರನಾಗಿ ನಡೆಸಿಕೊಳ್ಳುವುದಿಲ್ಲ.

ಬೆನ್ನಿನಲ್ಲಿ ಟೈಟಾನಿಯಂ ಸರಳು ಹೊತ್ತ ಟೋಮಿ 2022ರ ಸೆಪ್ಟೆಂಬರ್‌ನಲ್ಲಿ 'ಬಯಾನತ್' ಎಂಬ ಇನ್ನೊಂದು ದೋಣಿಯಲ್ಲಿ ಅದೇ ಪಂದ್ಯಕ್ಕೆ ಇಳಿದರು. ದಕ್ಷಿಣ ಆಫ್ರಿಕದ ಮಹಿಳೆ ಕರ್ಸ್ಟನ್ ನಾಯ್ಶೇಫರ್ ಪ್ರಥಮ ಸ್ಥಾನ ಪಡೆದರು. 236 ದಿನಗಳ ಯಾನ ಮುಗಿಸಿ 2023ರ ಏಪ್ರಿಲ್ 29ರಂದು ದಡ ಸೇರಿದ ಟೋಮಿ ದ್ವಿತೀಯ.