ಮೂರು ಚಕ್ರದ ಗಾಡಿ: ಕೂರುವ ಬಗೆ, ಕಾಯುವ ದೇಹ

ಮಠದ ಗೋಷ್ಠಿಗಳಿಗೆ ಬರುವ ಭಕ್ತರ ವಾಹನಗಳ ಸಾಲಿನಲ್ಲಿ, ಹಿಂಬದಿಗೆ ಎರಡು ಪಕ್ಕದ ಚಕ್ರಗಳನ್ನು ಜೋಡಿಸಿದ ಸ್ಕೂಟರುಗಳು ಒಂದೆರಡಾದರೂ ಇರುತ್ತವೆ. ಎಣಿಸಿದರೆ ಚಕ್ರಗಳು ನಾಲ್ಕಾದರೂ ಜನರ ಬಾಯಲ್ಲಿ ಅದು ಮೂರು ಚಕ್ರದ ಗಾಡಿಯೇ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಯೋಜನೆಯಲ್ಲಿ ದೊರೆತವು ಕೆಲವು. ಸ್ವಂತ ದುಡಿಮೆಯಿಂದ ಕೊಂಡು ಮಾರ್ಪಡಿಸಿಕೊಂಡವು ಕೆಲವು. ನಡೆಯಲು ಕಷ್ಟಪಡುವವರಿಗೆ ಈ ಗಾಡಿ ಕಾಯಕದ ದಾರಿಯನ್ನು ತೆರೆದಿದೆ. ಆದರೆ ಅದರ ಮೇಲೆ ದೇಹಕ್ಕೆ ಒಗ್ಗದ ಭಂಗಿಯಲ್ಲಿ ವರ್ಷಗಟ್ಟಲೆ ಕುಳಿತು ಭುಜ, ಸೊಂಟಗಳನ್ನು ಕೆಡಿಸಿಕೊಂಡವರೂ ಇದ್ದಾರೆ.

ಕೆಂಗೇರಿಯಿಂದ ವಿಜಯನಗರದ ತಮ್ಮ ಅಂಗಡಿಗೆ ದಿನವೂ ಹೋಗಿಬರುವ ಭಕ್ತರೊಬ್ಬರು ಚಿಕಿತ್ಸೆಗೆ ಬಂದಿದ್ದರು. ಬಾಲ್ಯದಲ್ಲಿ ಪೋಲಿಯೋ ತಗುಲಿ ಬಲಗಾಲು ಸೊರಗಿದೆ. "ಬೆಳಗಿನ ಪೂಜೆಗೆ ಏನೂ ತೊಂದರೆಯಿಲ್ಲ ಡಾಕ್ಟ್ರೇ, ಸಂಜೆ ಮಾತ್ರ ಇಷ್ಟಲಿಂಗ ಹಿಡಿದ ಎಡಗೈ ನಡುಗುತ್ತದೆ" ಎಂದರು. ವಯಸ್ಸಿನ ದೋಷವೆಂದು ಅವರೇ ತೀರ್ಮಾನಿಸಿಕೊಂಡಿದ್ದರು. ಗಾಡಿಯ ಮೇಲೆ ಕೂರಿಸಿ ನೋಡಿದಾಗ ಕಾರಣ ಕಣ್ಣಿಗೇ ಕಂಡಿತು: ಹ್ಯಾಂಡಲ್ ಅವರಿಗೆ ದೂರವಾಗಿತ್ತು. ಬೆನ್ನಿಗೆ ಯಾವ ಒರಗೂ ಇಲ್ಲದೆ, ಮುಂದಕ್ಕೆ ಬಾಗಿ, ಇಡೀ ಮೈಯ ಭಾರವನ್ನು ಎರಡು ಕೈಗಳ ಮೇಲೆ ಹೊರಿಸಿ ಅವರು ಸವಾರಿ ಮಾಡುತ್ತಿದ್ದರು.

ಎರಡು ಕಾಲುಗಳೂ ಗಟ್ಟಿಯಿರುವ ಸವಾರನು ತನಗೆ ಅರಿವಿಲ್ಲದೆಯೇ ಕಾಲುಗಳಿಂದ ಬಹಳ ಕೆಲಸ ಮಾಡಿಸುತ್ತಾನೆ. ರಸ್ತೆಯುಬ್ಬು ಬಂದಾಗ ಪಾದ ಊರಿ ಸೀಟಿನಿಂದ ಕೊಂಚ ಏಳುತ್ತಾನೆ. ಬ್ರೇಕ್ ಹಾಕಿದಾಗ ಪಾದಗಳನ್ನು ಒತ್ತಿ ಮೈಯನ್ನು ತಡೆಯುತ್ತಾನೆ. ಸ್ಕೂಟರಿನ ಸೀಟು ಸಿದ್ಧವಾಗಿರುವುದು ಅಂತಹವನಿಗಾಗಿಯೇ. ಕಾಲಿನ ಶಕ್ತಿ ಕುಂದಿದಾಗ ಈ ಹೊಣೆಯೆಲ್ಲ ತೋಳು, ಭುಜ, ಸೊಂಟಗಳ ಪಾಲಿಗೆ ಬರುತ್ತದೆ. ಊರುಗೋಲು ಹಿಡಿಯುವುದೂ ಗಾಲಿಕುರ್ಚಿಯಿಂದ ಮಂಚಕ್ಕೆ ದಾಟುವುದೂ ಅದೇ ಭುಜಗಳಿಂದ. ಆದುದರಿಂದ ವಿಕಲಚೇತನರ ಪಾಲಿಗೆ ಭುಜವೆಂದರೆ ಅರ್ಧ ಕಾಲೇ ಸರಿ. ಅದು ಸವೆದರೆ ಗಾಡಿಯಿದ್ದೂ ಮನೆಯಲ್ಲೇ ಕೂರಬೇಕಾಗುತ್ತದೆ.

ಪಕ್ಕದ ಚಕ್ರಗಳ ಸ್ವಭಾವವನ್ನೂ ಅರಿಯಬೇಕು. ದ್ವಿಚಕ್ರ ವಾಹನ ತಿರುವಿನಲ್ಲಿ ಒಳಕ್ಕೆ ವಾಲುತ್ತದೆ, ಸವಾರನೂ ಜೊತೆಗೆ ವಾಲುತ್ತಾನೆ. ಪಕ್ಕದ ಚಕ್ರಗಳಿರುವ ಗಾಡಿ ವಾಲುವುದಿಲ್ಲ. ಹಾಗಾಗಿ ಮೈ ತಿರುವಿನ ಹೊರಬದಿಗೆ ತಳ್ಳಲ್ಪಡುತ್ತದೆ. ಆಗ ಸವಾರನು ಹ್ಯಾಂಡಲ್ಲನ್ನೇ ಬಿಗಿಹಿಡಿದು ತಡೆದುಕೊಳ್ಳುತ್ತಾನೆ, ಹ್ಯಾಂಡಲ್ ಎಳೆದಂತಾಗಿ ಗಾಡಿಯ ದಿಕ್ಕು ತಪ್ಪುತ್ತದೆ. ಇನ್ನೊಂದು ಸಂಗತಿ: ಮಳೆನೀರು ಹರಿದುಹೋಗಲೆಂದು ರಸ್ತೆಯ ಅಂಚನ್ನು ಇಳಿಜಾರು ಮಾಡಿರುತ್ತಾರೆ. ಮೈಸೂರು ರಸ್ತೆಯಲ್ಲೋ ಮಾಗಡಿ ರಸ್ತೆಯಲ್ಲೋ ಎಡ ಅಂಚನ್ನೇ ಹಿಡಿದು ಹೋಗುವ ಗಾಡಿ ಆ ಇಳಿಜಾರಿನಲ್ಲಿ ಎಡಕ್ಕೆ ಓರೆಯಾಗುತ್ತದೆ, ಅದರೊಂದಿಗೆ ಸವಾರನ ಸೊಂಟವೂ. ಎರಡು ಪಕ್ಕದ ಚಕ್ರಗಳ ಗಾಳಿ ಸಮನಾಗಿಲ್ಲದಿದ್ದರೆ ಓರೆ ಇನ್ನೂ ಹೆಚ್ಚುತ್ತದೆ. ಬೆನ್ನುನೋವೆಂದು ಮಾತ್ರೆ ನುಂಗುವ ಮೊದಲು ಗಾಳಿ ನೋಡಿಸಿ ಎಂದು ನಾನು ಹೇಳುವುದು ತಮಾಷೆಗಲ್ಲ.

ಸರಿಯಾದ ಭಂಗಿಯನ್ನು ಕಂಡುಕೊಳ್ಳುವುದು ಕೆಳಗಿನಿಂದ ಮೇಲಕ್ಕೆ, ಅಂದರೆ ಸೊಂಟದಿಂದ ಆರಂಭವಾಗಬೇಕು. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಸೀಟಿನಲ್ಲಿ ಹಿಂದಕ್ಕೆ ಸರಿದು ಕುಳಿತುಕೊಳ್ಳಿ. ಮನೆಯವರೊಬ್ಬರು ಹಿಂದೆ ನಿಂತು ಎರಡೂ ಭುಜಗಳು ಒಂದೇ ಮಟ್ಟದಲ್ಲಿವೆಯೇ ನೋಡಲಿ. ಪೋಲಿಯೋದಿಂದ ಒಂದು ಕಡೆಯ ಪೃಷ್ಠದ ಸ್ನಾಯು ಸೊರಗಿದ್ದರೆ ಆ ಬದಿ ತಗ್ಗುತ್ತದೆ. ತಗ್ಗಿದ ಬದಿಗೆ ತೆಳುವಾದ ಮೆತ್ತೆ ಇಟ್ಟರೆ ಸಾಕೆಂದು ಯಾರಿಗೂ ತೋರುತ್ತದೆ. ಆದರೆ ಓರೆ ಬಹುಕಾಲದ್ದಾಗಿ ಗಟ್ಟಿಯಾಗಿದ್ದರೆ ಅದನ್ನು ಹೀಗೆ ನೇರ ಮಾಡಲು ಹೋಗುವುದು ನೋವಿಗೆ ದಾರಿ. ಅಂತಹವರಿಗೆ ಎತ್ತರದ ಬದಿಯ ಕೆಳಗಿನ ಸಂದನ್ನು ತುಂಬಿ ಆಧಾರ ಕೊಡಬೇಕಾಗುತ್ತದೆ. ಯಾವುದು ನಿಮ್ಮದೆಂಬುದನ್ನು ಫಿಸಿಯೋಥೆರಪಿಸ್ಟರು ಪರೀಕ್ಷಿಸಿಯೇ ಹೇಳಬೇಕು.

ಅನಂತರ ಬೆನ್ನಿನ ಒರಗು. ಸೊಂಟದ ಒಳಬಾಗನ್ನು ತುಂಬುವಷ್ಟು ಉಬ್ಬು, ತೋಳುಗಳ ಚಲನೆಗೆ ಅಡ್ಡಿಯಾಗದಷ್ಟು ಎತ್ತರ ಅದಕ್ಕಿರಲಿ. ಹೊಟ್ಟೆ, ಬೆನ್ನಿನ ಸ್ನಾಯುಗಳ ಹಿಡಿತ ಕಡಿಮೆ ಇರುವವರಿಗೆ ಒರಗಿನ ಎರಡು ಬದಿಯೂ ತುಸು ಮುಂದೆ ಬಾಗಿ ಪಕ್ಕೆಗಳನ್ನು ಹಿಡಿಯುವಂತಿದ್ದರೆ ತಿರುವಿನಲ್ಲಿ ಮೈ ಜಾರುವುದಿಲ್ಲ. ಒರಗಿಗೆ ಆನಿಕೊಂಡು ಕಣ್ಣು ಮುಚ್ಚಿ, ಭುಜಗಳನ್ನು ಸಡಿಲ ಬಿಟ್ಟು, ಕೈಗಳನ್ನು ಹಾಯಾಗಿ ಮುಂದಕ್ಕೆ ಚಾಚಿ. ಮೊಣಕೈ ತುಸು ಮಡಿಚಿದ್ದಂತೆಯೇ ಕೈಗಳು ಎಲ್ಲಿ ನಿಲ್ಲುವವೋ ಅಲ್ಲಿ ಹಿಡಿಕೆಗಳು ಸಿಗಬೇಕು. ಸಿಗದಿದ್ದರೆ ಹ್ಯಾಂಡಲ್ಲಿಗೆ ಕೈಹಾಕಬೇಡಿ. ಒರಗನ್ನು ದಪ್ಪಮಾಡಿ ನಿಮ್ಮನ್ನೇ ಮುಂದಕ್ಕೆ ತಂದುಕೊಳ್ಳಿ. ಮೇಲೆ ಹೇಳಿದ ಭಕ್ತರಿಗೆ ಬೇಕಾದದ್ದು ನಾಲ್ಕು ಬೆರಳಿನಷ್ಟು ದಪ್ಪದ ಒಂದು ಒರಗು. ಸೀಟು ಹೊಲಿಯುವವರು ಅದನ್ನು ಅರ್ಧ ದಿನದಲ್ಲಿ ಮಾಡಿಕೊಟ್ಟರು. ಕೆಲವು ವಾರಗಳಲ್ಲಿ ಕೈಯ ನಡುಕ ತಗ್ಗಿತು.

ಕಾಲುಗಳ ವಿಷಯದಲ್ಲಿ ಎಚ್ಚರಿಕೆ ಹೆಚ್ಚು ಬೇಕು. ಪೋಲಿಯೋದಲ್ಲಿ ಶಕ್ತಿ ಹೋದರೂ ಸ್ಪರ್ಶಜ್ಞಾನ ಉಳಿಯುತ್ತದೆ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಅದೂ ಇಲ್ಲದಿರಬಹುದು. ಅಂತಹವರ ಕಾಲು ಫುಟ್‌ಬೋರ್ಡಿನಿಂದ ಜಾರಿ ನೆಲಕ್ಕೆ ಉಜ್ಜಿದರೂ, ಕಾದ ಸೈಲೆನ್ಸರಿಗೆ ತಾಗಿದರೂ ತಿಳಿಯುವುದು ಮನೆಗೆ ಬಂದು ಗಾಯ ಕಂಡಾಗಲೇ. ಪಾದದ ಸುತ್ತ ಅಂಚು ಕಟ್ಟಿಸಿ, ಮುಚ್ಚಿದ ಪಾದರಕ್ಷೆ ಧರಿಸಿ, ಅಗಲವಾದ ಮೆತ್ತನೆಯ ಪಟ್ಟಿಯಿಂದ ಕಾಲನ್ನು ಹಿಡಿದಿಡಿ. ಪಟ್ಟಿ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತಿರಲಿ. ಗಾಡಿ ಮಗುಚಿದರೆ ಕಾಲು ಅದರಲ್ಲೇ ಸಿಕ್ಕಿಕೊಳ್ಳಬಾರದು. ಕ್ಯಾಲಿಪರ್ ಧರಿಸುವವರು ಅದರ ಮೇಲಿನ ಪಟ್ಟಿ ತೊಡೆಗೆ ಒತ್ತುತ್ತಿದೆಯೇ ಎಂದು ನೋಡಿಕೊಳ್ಳಬೇಕು.

ಸ್ಪರ್ಶಜ್ಞಾನವಿಲ್ಲದವರಿಗೆ ಸೀಟಿನ ಮೆತ್ತೆಯೂ ಅಲಂಕಾರದ ವಸ್ತುವಲ್ಲ. ಪೃಷ್ಠದ ಮೂಳೆಗಳ ಕೆಳಗೆ ರಕ್ತ ಸಂಚಾರ ನಿಂತರೆ ಒತ್ತಡದ ಹುಣ್ಣಾಗುತ್ತದೆ; ಅದು ಆಳಕ್ಕಿಳಿದರೆ ತಿಂಗಳುಗಟ್ಟಲೆ ಬೋರಲು ಮಲಗಬೇಕಾದೀತು. ಕುಳಿತಾಗ ಮೆತ್ತೆ ಪೂರ್ತಿ ಅಡಗಿ ಕೆಳಗಿನ ಗಟ್ಟಿ ತಳ ತಾಗುವಂತಿದ್ದರೆ ಅದನ್ನು ಬದಲಿಸಬೇಕು. ದೂರದ ಪ್ರಯಾಣದಲ್ಲಿ 20-30 ನಿಮಿಷಕ್ಕೊಮ್ಮೆ ಗಾಡಿ ನಿಲ್ಲಿಸಿ ಒಂದೆರಡು ನಿಮಿಷ ಮುಂದಕ್ಕೆ ಬಾಗಿ ಭಾರ ತಗ್ಗಿಸಿ. ಬಿಸಿಲಲ್ಲಿ ಕಾದ ರೆಕ್ಸಿನ್ ಸೀಟನ್ನು ಕೈಯಿಂದ ಮುಟ್ಟಿ ನೋಡದೆ ಕೂರಬೇಡಿ. ರಾತ್ರಿ ಮಲಗುವ ಮುನ್ನ ಕನ್ನಡಿಯ ಸಹಾಯದಿಂದ ಚರ್ಮವನ್ನು ನೋಡಿಕೊಳ್ಳಿ.

ಭಾರತವು ಪೋಲಿಯೋಮುಕ್ತವೆಂದು 2014ರ ಮಾರ್ಚ್ 27ರಂದು ಪ್ರಮಾಣೀಕೃತವಾಯಿತು. ಅದಕ್ಕೂ ಎಷ್ಟೋ ಮೊದಲು ರೋಗ ತಗುಲಿದವರು ಈಗ ನಡುವಯಸ್ಸು ದಾಟುತ್ತಿದ್ದಾರೆ. ದಶಕಗಳ ನಂತರ ಅಂತಹ ಕೆಲವರಲ್ಲಿ ಹೊಸದಾಗಿ ನಿಶ್ಶಕ್ತಿ, ಸುಸ್ತು, ಸ್ನಾಯುನೋವು ಕಾಣಿಸಿಕೊಳ್ಳುವುದುಂಟು. ಕಸರತ್ತು ಮಾಡಿ ಗೆಲ್ಲುತ್ತೇನೆಂದು ದಣಿದ ಸ್ನಾಯುಗಳನ್ನು ಇನ್ನಷ್ಟು ದಣಿಸಿದರೆ ಅವು ಮತ್ತಷ್ಟು ಕುಗ್ಗುತ್ತವೆ. ನರರೋಗ ತಜ್ಞರನ್ನು ಕಂಡು, ಸವಾರಿಯ ನಡುವೆ ವಿಶ್ರಾಂತಿ ರೂಢಿಸಿಕೊಳ್ಳಬೇಕು.

ಮೆತ್ತೆ, ಒರಗುಗಳನ್ನು ಸೀಟು ಹೊಲಿಯುವವರಿಂದ ಮಾಡಿಸಬಹುದು. ಆದರೆ ಪಕ್ಕದ ಚಕ್ರ ಜೋಡಿಸುವುದು, ಚೌಕಟ್ಟಿಗೆ ಬೆಸುಗೆ ಹಾಕುವುದು ಹಾಗಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ವಾಹನದ ಮಾರ್ಪಾಡಿಗೆ ಸಂಬಂಧಿಸಿದೆ. ಇಂತಹ ಮಾರ್ಪಾಡು ನೋಂದಣಿ ಪತ್ರದಲ್ಲಿ ನಮೂದಾಗಿರಬೇಕು. ಇಲ್ಲವಾದರೆ ಅಪಘಾತವಾದಾಗ ವಿಮೆಗೆ ತೊಡಕು ಬರುತ್ತದೆ. ಕೆಎ-02 ಸಂಖ್ಯೆಯ ಗಾಡಿಯವರು ರಾಜಾಜಿನಗರದ ಸಾರಿಗೆ ಕಚೇರಿಯಲ್ಲಿ, ಉಳಿದವರು ತಮ್ಮ ವ್ಯಾಪ್ತಿಯ ಕಚೇರಿಯಲ್ಲಿ, ಕೆಲಸ ಮಾಡಿಸುವ ಮೊದಲೇ ವಿಚಾರಿಸಿಕೊಳ್ಳಲಿ. ಹೋಗುವಾಗ ನೋಂದಣಿ ಪತ್ರ, ವಿಮೆ, ಚಾಲನಾ ಪರವಾನಗಿ, ಅಂಗವೈಕಲ್ಯದ ಗುರುತಿನ ಚೀಟಿ ಜೊತೆಯಲ್ಲಿರಲಿ.