ನಿಮಗಿದು ಗೊತ್ತೇ? ಕಾಡಿನಿಂದ ವಾಪಸಾದ ಮೇಲೆ

2023ರ ಜೂನ್‌ನಲ್ಲಿ ಒಡಿಶಾದ ಬಾಲಸೋರ್ ಬಳಿ ರೈಲುಗಳು ಡಿಕ್ಕಿಯಾದವಲ್ಲ, ಅಲ್ಲಿ ಹೆಣ ಎತ್ತಿದ ಎನ್‌ಡಿಆರ್‌ಎಫ್ ಜವಾನನೊಬ್ಬನಿಗೆ ಆಮೇಲೆ ನೀರು ಕಂಡಾಗಲೆಲ್ಲ ರಕ್ತವೇ ಕಾಣುತ್ತಿತ್ತು. ಇನ್ನೊಬ್ಬನಿಗೆ ಊಟವೇ ಸೇರುತ್ತಿರಲಿಲ್ಲ. ಇದನ್ನು ಹೇಳಿದವರು ಆ ಪಡೆಯ ಮಹಾನಿರ್ದೇಶಕರೇ, ಅದೂ ಬಹಿರಂಗ ಸಭೆಯಲ್ಲಿ. ರಸ್ತೆ, ಆಸ್ಪತ್ರೆ, ಜನ ಎಲ್ಲ ಹತ್ತಿರವಿದ್ದಲ್ಲೇ ಹೀಗಾದರೆ, ಬೆಟ್ಟದಲ್ಲಿ, ಹಿಮದಲ್ಲಿ, ಕಾಡ್ಗಿಚ್ಚಿನ ನಡುವೆ ಇದೇ ಕೆಲಸ ಮಾಡುವವರ ಪಾಡೇನು?

ಕಾಡು-ಬೆಟ್ಟದ ಪ್ರಥಮ ಚಿಕಿತ್ಸೆ ಕಲಿಸುವವರ ಲೆಕ್ಕದಲ್ಲಿ ‘ನಿರ್ಜನ ಪ್ರದೇಶ’ ಎಂದರೆ ಹುಲಿ ಇರುವ ಜಾಗವೇ ಆಗಬೇಕೆಂದಿಲ್ಲ. ಸರಿಯಾದ ಚಿಕಿತ್ಸೆ ಸಿಗಲು ಒಂದು ಗಂಟೆಗಿಂತ ಹೆಚ್ಚು ಹಿಡಿಯುವ ಯಾವ ಜಾಗವೂ ಅದೇ. ಸ್ಟ್ರೆಚರ್ ಹೊರಲು ಒಮ್ಮೆಗೆ ಆರು ಜನ ಬೇಕು, ಅವರ ಕೈ ಸೋತರೆ ಇನ್ನಾರು ಜನ. ಇಳಿಯುವಷ್ಟರಲ್ಲಿ ಗಾಯಾಳುವಿನ ಊರು ಯಾವುದು, ಮಕ್ಕಳೆಷ್ಟು ಎಂಬುದೆಲ್ಲ ತಿಳಿದಿರುತ್ತದೆ. ಆಮೇಲೆ ಆತ ದಾರಿಯಲ್ಲೇ ಹೋಗಿಬಿಟ್ಟರೆ, ಸತ್ತದ್ದು ಯಾರೋ ಅಪರಿಚಿತ ಎಂದುಕೊಳ್ಳುವಂತಿಲ್ಲ.

ಅಮೆರಿಕ ಮತ್ತು ಬ್ರಿಟನ್ನಿನ ಪರ್ವತ ರಕ್ಷಣಾ ತಂಡಗಳಲ್ಲಿ ಬಹುಪಾಲು ಜನ ಸಂಬಳವಿಲ್ಲದ ಸ್ವಯಂಸೇವಕರು. ಭಾನುವಾರ ಹೆಣ ಹೊತ್ತು, ಸೋಮವಾರ ಬೆಳಿಗ್ಗೆ ತಮ್ಮ ಮಾಮೂಲಿ ಕೆಲಸಕ್ಕೆ.

ಮನಸ್ಸಿನ ಪೆಟ್ಟಿಗೆ ನಾಲ್ಕು ಬಣ್ಣ ಹಚ್ಚಿದ್ದು ಅಮೆರಿಕದ ನೌಕಾದಳ ಮತ್ತು ಮರೀನ್ ಪಡೆ. ಹಸಿರು: ನಿದ್ದೆ ಬರುತ್ತದೆ, ತಮಾಷೆಗೆ ನಗು ಬರುತ್ತದೆ. ಹಳದಿ: ಸಿಡುಕು ಶುರು, ನಿದ್ದೆ ಅರ್ಧ. ಕಿತ್ತಳೆ: ಕೆಟ್ಟ ಕನಸು, ಯಾರೊಂದಿಗೂ ಬೆರೆಯಲಾಗದ ಸುಸ್ತು. ಕೆಂಪು: ಕಾಯಿಲೆ, ವೈದ್ಯರು ಬೇಕೇ ಬೇಕು. ಇದನ್ನು ಬೆಟ್ಟದ ರಕ್ಷಕರಿಗೆ, ಸ್ಕೀ ಗಸ್ತಿನವರಿಗೆ ಹೊಂದಿಸಿ ಕಲಿಸಿದವರು ಲಾರಾ ಮೆಕ್‌ಗ್ಲಾಡ್ರಿ ಎಂಬ ನರ್ಸ್. ಅವರು ಕಟ್ಟಿದ ಸಂಸ್ಥೆಯ ಹೆಸರು ರೆಸ್ಪಾಂಡರ್ ಅಲಯನ್ಸ್. ನನಗೆ ಇದರಲ್ಲಿ ಹಿಡಿಸಿದ್ದು ಬಣ್ಣಕ್ಕಿಂತ ಪದ. ಕಿತ್ತಳೆಯನ್ನು ಅವರು ‘ಗಾಯ’ ಎನ್ನುತ್ತಾರೆ. ಕಾಲು ಉಳುಕಿದೆ ಎನ್ನಲು ಯಾವ ಗಂಡಸೂ ನಾಚುವುದಿಲ್ಲ. ತಲೆ ಕೆಟ್ಟಿದೆ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ‘ನಾನೀಗ ಕಿತ್ತಳೆ’ ಎಂದರೆ ಮುಗಿಯಿತು, ವಿವರಣೆ ಬೇಕಿಲ್ಲ.

ದುರಂತ ಮುಗಿದ ಕೂಡಲೇ ಎಲ್ಲರನ್ನೂ ಕೂರಿಸಿ, ಕಂಡದ್ದನ್ನೆಲ್ಲ ಬಾಯಿಬಿಡಿಸಿದರೆ ಮನಸ್ಸು ಹಗುರಾಗುತ್ತದೆ ಎಂದು ನೀವು ಅಂದುಕೊಂಡಿರಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಜೆಫ್ರಿ ಮಿಚೆಲ್ 1983ರಲ್ಲಿ ಇಂಥದ್ದೊಂದು ಕ್ರಮ ಬರೆದುಕೊಟ್ಟರು. ಅವರೂ ಹಿಂದೆ ಅಗ್ನಿಶಾಮಕ ದಳದಲ್ಲಿ ದುಡಿದವರೇ. ಅದು ಊರೂರಿಗೆ ಹಬ್ಬಿತು. ಆದರೆ 2002ರಲ್ಲಿ ಕಾಕ್ರೇನ್ ಸಂಸ್ಥೆಗಾಗಿ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದವರಿಗೆ, ಒಂದೇ ಸಲ ಹೀಗೆ ಕೂರಿಸಿ ಮಾತಾಡಿಸುವುದರಿಂದ ಮುಂದಿನ ಕಾಯಿಲೆ ತಪ್ಪಿದ ಪುರಾವೆ ಸಿಗಲಿಲ್ಲ. ಅಲ್ಲಿದ್ದ ಅಧ್ಯಯನಗಳು ಹೆಚ್ಚಾಗಿ ಒಬ್ಬೊಬ್ಬರನ್ನೇ ಮಾತಾಡಿಸಿದಂಥವು, ಗುಂಪಿನ ಮಾತು ಬೇರೆ ಎಂದು ಆ ಕ್ರಮದವರು ಈಗಲೂ ವಾದಿಸುತ್ತಾರೆ. ಒತ್ತಾಯದ ಮಾತನ್ನಂತೂ ಈಗ ಯಾರೂ ಹೊಗಳುವುದಿಲ್ಲ.

ಹಾಗಾದರೆ ಏನು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿಯ ಸೂತ್ರ ಮೂರೇ ಮಾತು: ನೋಡು, ಕೇಳು, ಜೋಡಿಸು. ಸುರಕ್ಷಿತವಾಗಿದ್ದಾನಾ ನೋಡು, ಹೇಳಿದರೆ ಕೇಳಿಸಿಕೋ, ತನ್ನವರ ಹತ್ತಿರ ಸೇರಿಸು. ಬಿಸಿ ಚಹಾ, ಒಣಗಿದ ಬಟ್ಟೆ, ಪಕ್ಕದಲ್ಲಿ ಸುಮ್ಮನೆ ಕೂರುವ ಒಬ್ಬ ಜೊತೆಗಾರ. ಸಾವಿನ ಮನೆಯಲ್ಲಿ ಒಲೆ ಹಚ್ಚಗೊಡದೆ ಪಕ್ಕದ ಮನೆಯಿಂದ ಅನ್ನ ತರುವ ನಮ್ಮವರಿಗೆ ಇದನ್ನು ಹೊಸದಾಗಿ ಕಲಿಸಬೇಕೇ?

ವಿಡಿಯೊ ಗೇಮ್ ಕೂಡ ಔಷಧವಾದೀತು! ಇಟ್ಟಿಗೆ ಜೋಡಿಸುವ ಟೆಟ್ರಿಸ್ ಆಟವನ್ನು ಆಕ್ಸ್‌ಫರ್ಡಿನ ಆಸ್ಪತ್ರೆಯೊಂದರಲ್ಲಿ ಅಪಘಾತಕ್ಕೊಳಗಾದ 71 ಜನರಲ್ಲಿ ಕೆಲವರಿಗೆ ಆರು ಗಂಟೆಯೊಳಗೆ ಆಡಿಸಿದರು. ಆಡಿದವರಿಗೆ ಮುಂದಿನ ವಾರ ಅಪಘಾತದ ಚಿತ್ರ ಕಣ್ಣಮುಂದೆ ನುಗ್ಗಿ ಬರುವುದು ಕಡಿಮೆಯಾಯಿತು. ಎಮಿಲಿ ಹೋಮ್ಸ್ ಮತ್ತವರ ಸಂಗಡಿಗರ ಈ ವರದಿ ಬಂದದ್ದು 2017ರಲ್ಲಿ. ಕಣ್ಣಿಗೆ ಬೇರೆ ಕೆಲಸ ಕೊಟ್ಟರೆ ಹಳೆಯ ಚಿತ್ರ ಗಟ್ಟಿಯಾಗಿ ಕೂರಲು ಜಾಗ ಸಿಗುವುದಿಲ್ಲ ಎಂಬುದು ಅವರ ತರ್ಕ.

ಅದೇ 2017ರಲ್ಲಿ ಅಮೆರಿಕದಲ್ಲಿ ಕರ್ತವ್ಯದ ಮೇಲೆ ಸತ್ತ ಅಗ್ನಿಶಾಮಕರು 93. ಆತ್ಮಹತ್ಯೆ ಮಾಡಿಕೊಂಡವರು ಕನಿಷ್ಠ 103 ಎಂದು ರುಡರ್‌ಮನ್ ಪ್ರತಿಷ್ಠಾನ ಲೆಕ್ಕ ಹಾಕಿತು.

2013ರ ಜೂನ್ 30ರಂದು ಅರಿಜೋನಾದ ಯಾರ್ನೆಲ್ ಬೆಟ್ಟದ ಕಾಡ್ಗಿಚ್ಚಿನಲ್ಲಿ 20 ಜನರ ತಂಡದ 19 ಮಂದಿ ಒಟ್ಟಿಗೆ ಸುಟ್ಟುಹೋದರು. ಬೆಂಕಿಯ ಮೇಲೆ ಕಣ್ಣಿಡಲು ಬೇರೆಡೆ ನಿಂತಿದ್ದ ಒಬ್ಬ ಉಳಿದ. ‘ನಾನ್ಯಾಕೆ ಉಳಿದೆ’ ಎಂಬ ಪ್ರಶ್ನೆಗೆ ಯಾವ ಬಣ್ಣ? ಕಾಡ್ಗಿಚ್ಚು ಆರಿಸುವವರಿಗೆಂದೇ ಮಾನಸಿಕ ಆರೋಗ್ಯದ ಕಾರ್ಯಕ್ರಮ ಇರಬೇಕೆಂದು ಅಮೆರಿಕ ಕಾನೂನಿನಲ್ಲಿ ಬರೆದದ್ದು 2021ರಲ್ಲಿ.

ಹುಡುಕಿದ್ದು ಸಿಗದಿರುವುದೂ ಒಂದು ಗಾಯ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಗೆ ಬಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಮಳೆ, ನೀರಿನ ಸೆಳೆತ, ಗೋವಾದಿಂದ ಬಂದ ಡ್ರೆಜರ್, ದಡದಲ್ಲಿ ಕಾದು ನಿಂತ ಲಾರಿ ಚಾಲಕನ ಮನೆಯವರು. ಹುಡುಕಲು ಇಳಿದವರು ದಿನವೂ ಸಂಜೆ ಬರಿಗೈಲಿ ದಡಕ್ಕೆ ಬಂದು ಅವರ ಮುಖ ನೋಡುವುದಿದೆಯಲ್ಲ, ಅದು ನದಿಗಿಂತ ಆಳ.

ನಾಯಿಗಳೂ ಹೀಗೇ ಸೋಲುತ್ತವೆ. 2001ರಲ್ಲಿ ನ್ಯೂಯಾರ್ಕಿನ ಅವಶೇಷಗಳಲ್ಲಿ ಜೀವಂತ ಯಾರೂ ಸಿಗದೆ ಶೋಧ ನಾಯಿಗಳು ಮಂಕಾದಾಗ, ಪಾಲಕರು ತಮ್ಮಲ್ಲೇ ಒಬ್ಬನನ್ನು ಬಚ್ಚಿಡುತ್ತಿದ್ದರು. ನಾಯಿ ಹುಡುಕುತ್ತಿತ್ತು, ಬಾಲ ಅಲ್ಲಾಡುತ್ತಿತ್ತು.

2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಬಳಿ ಕಾಡಾನೆ ಸೆರೆಗೆ ಹೋಗಿದ್ದ ಅರ್ಜುನ ಸತ್ತ. ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ. ಅದರ ಪಕ್ಕದಲ್ಲಿ ಮಾವುತ ಗೋಳಾಡಿದ್ದನ್ನು ಇಡೀ ರಾಜ್ಯ ಮೊಬೈಲಿನಲ್ಲಿ ನೋಡಿತು. ಅರ್ಜುನನ ಸ್ಮಾರಕದ ಚರ್ಚೆ ಆಮೇಲೆ ಬಹಳ ನಡೆಯಿತು. ಮಾವುತನ ಮನಸ್ಸಿನ ಚರ್ಚೆ?

ಮನಸ್ಸಿಗೆ ಪೆಟ್ಟಾದವರು ಕರೆ ಮಾಡಬಹುದಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ವಾಚರ್, ಗಾರ್ಡ್, ಮಾವುತ, ಮುಳುಗುಗಾರ, ಯಾರು ಬೇಕಾದರೂ. ಕಾಡಿನಲ್ಲಿ ನೆಟ್‌ವರ್ಕ್ ಸಿಗದಿದ್ದರೆ, ರಸ್ತೆಗೆ ಬಂದ ಮೇಲೆ.